ಕ್ವಿಲ್ಟ್ ಜೋಡಿಸುವಾಗ ಹೊಲಿಗೆ ಸೇರೋ ಕಡೆ ಉಬ್ಬದೆ ಚಪ್ಪಟೆ ಕೂರಬೇಕಾದ್ರೆ: ಬಟ್ಟೆ ಆರಿಸೋದ್ರಿಂದ ಬೈಂಡಿಂಗ್‌ವರೆಗೆ

ಬಟ್ಟೆ ತುಂಡು ಕೂಡಿಸಿ ಕ್ವಿಲ್ಟ್, ಅಂದ್ರೆ ಕೌದಿ ಥರದ ಹೊದಿಕೆ, ಹೊಲಿಯುವಾಗ ಅಳತೆ ಸರಿ ಇರತ್ತೆ, ಮೂಲೆಗಳೂ ಕೂಡಿರತ್ವೆ, ಆದ್ರೂ ನಾಲ್ಕು ತುಂಡು ಸೇರೋ ಜಾಗದ ಮೇಲೆ ಬೆರಳಾಡಿಸಿದ್ರೆ ಗಟ್ಟಿಯಾಗಿ ಒಂದು ಉಬ್ಬು ಸಿಗತ್ತೆ. ನೋಡೋಕೆ ಅಷ್ಟೇನೂ ಕಾಣಲ್ಲ ಅಂತ ಬಿಟ್ಬಿಡ್ತೀವಿ, ಆಮೇಲೆ ಕ್ವಿಲ್ಟಿಂಗ್‌ಗೆ, ಅಂದ್ರೆ ಪದರಗಳನ್ನೆಲ್ಲ ಸೇರಿಸಿ ಮೇಲಿಂದ ಹೊಲಿಯೋಕೆ, ಕೂತಾಗ ಅದೇ ಜಾಗದಲ್ಲಿ ಮೆಷಿನ್ ಟಾಕಾ ಬಿಡತ್ತೆ, ಸೂಜಿ ಮುರಿಯತ್ತೆ, ಕೈಯಲ್ಲಿ ಹೊಲಿಯೋರಿಗಂತೂ ಸೂಜಿ ತೂರೋದೇ ಇಲ್ಲ. ಇನ್ನೂ ಒಂದಿದೆ, ಎದ್ದು ನಿಂತ ಜಾಗ ಒಗೆದು ಒಗೆದು ಮೊದಲು ಸವೆಯೋದು. ಹಾಗಾಗಿ ಇದು ಬರೀ ಅಂದದ ವಿಷಯ ಅಲ್ಲ.

ತುಂಬ ಜನ ಇದನ್ನ ಇಸ್ತ್ರಿ ಪೆಟ್ಟಿಗೆಯಿಂದ ಸರಿಮಾಡೋಕೆ ಹೋಗ್ತಾರೆ, ಒತ್ತಿ ಒತ್ತಿ ಬಟ್ಟೆ ಹೊಳೆಯೋ ಹಾಗೆ ಮಾಡ್ತಾರೆ, ಉಬ್ಬು ಮಾತ್ರ ಅಲ್ಲೇ ಇರತ್ತೆ. ಯಾಕೆ ಅಂತ ಗೊತ್ತಾಗ್ಬೇಕಾದ್ರೆ ಒಂದು ಸಣ್ಣ ಲೆಕ್ಕ ನೋಡ್ಬೇಕು, ಈ ಲೆಕ್ಕ ತಲೆಗೆ ಹೋದ್ರೆ ಮುಂದಿನ ಅರ್ಧ ಕೆಲಸ ತಾನೇ ಸರಿಹೋಗತ್ತೆ.

ಪದರದ ಲೆಕ್ಕ

ಎರಡು ತುಂಡು ಮುಖಕ್ಕೆ ಮುಖ ಇಟ್ಟು ಹೊಲಿದು, ಹೊಲಿಗೆಯಾಚೆ ಉಳಿಯೋ ಬಟ್ಟೆ, ಅಂದ್ರೆ ಮಾರ್ಜಿನ್, ಎರಡನ್ನೂ ಒಂದೇ ಕಡೆ ಮಡಚಿದ್ರೆ ಆ ಕಡೆ 3 ಪದರ, ಇನ್ನೊಂದು ಕಡೆ 1 ಪದರ. ಅದೇ ಮಾರ್ಜಿನ್ ಬಿಡಿಸಿ ಆ ಕಡೆ ಒಂದು ಈ ಕಡೆ ಒಂದು ಮಲಗಿಸಿದ್ರೆ ಎರಡೂ ಕಡೆ ಎರಡೆರಡು. ಒಟ್ಟು ನಾಲ್ಕೇ, ಅದು ಬದಲಾಗಲ್ಲ.

ಈಗ ನಾಲ್ಕು ಚೌಕ ಸೇರೋ ಜಾಗಕ್ಕೆ ಬನ್ನಿ. ಪ್ರತಿ ಚೌಕದ ಮೂಲೆಯಿಂದ ಮೇಲಿನ ಬಟ್ಟೆ ಒಂದು, ಎರಡು ಬದಿಯ ಮಾರ್ಜಿನ್, ಜೊತೆಗೆ ಮೂಲೆಯ ಮಾರ್ಜಿನ್, ಹೀಗೆ ನಾಲ್ಕು ಪದರ ಬರತ್ತೆ. ನಾಲ್ಕು ಚೌಕಕ್ಕೆ 16. ಈ 16 ಪದರ ಕೂಡುಚುಕ್ಕೆಯ ಸುತ್ತ ಇರೋ ನಾಲ್ಕು ಪುಟ್ಟ ಮನೆಗಳಲ್ಲಿ ಹೇಗೋ ಕೂತ್ಕೋಬೇಕು. ಎರಡು ಸಾಲಿನ ಹೊಲಿಗೇನೂ ಒಂದೇ ದಿಕ್ಕಿಗೆ ಮಡಚಿ, ಆಮೇಲೆ ಅಡ್ಡ ಹೊಲಿಗೆ ಕೆಳಕ್ಕೆ ಮಡಚಿದ್ರೆ ಒಂದೇ ಮನೇಲಿ 9 ಪದರ ಬೀಳತ್ತೆ, ಎದುರು ಮೂಲೆಯ ಮನೇಲಿ ಒಂದೇ ಒಂದು. ಸಾಲುಗಳನ್ನ ವಿರುದ್ಧ ದಿಕ್ಕಿಗೆ ಮಡಚಿದ್ರೆ ಅದೇ 16 ಪದರ 7, 5, 3, 1 ಅಂತ ಹಂಚಿಹೋಗತ್ತೆ. ಎಲ್ಲಾ ಹೊಲಿಗೆ ಬಿಡಿಸಿ ಮಲಗಿಸಿದ್ರೆ, ಇಲ್ಲಾ ಕೆಳಗೆ ಹೇಳೋ ಹಾಗೆ ಮಾರ್ಜಿನ್ನನ್ನ ಸುತ್ತ ತಿರುಗಿಸಿ ಕೂರಿಸಿದ್ರೆ, 4, 4, 4, 4.

ಅಂದ್ರೆ ಇಸ್ತ್ರಿಗೆ ಪದರ ಕಮ್ಮಿ ಮಾಡೋ ಶಕ್ತಿ ಇಲ್ಲ. ಬಟ್ಟೆ ತೆಗೆಯೋದು ಕತ್ತರಿ ಮಾತ್ರ. ಮಿಕ್ಕಿದ್ದೆಲ್ಲ ಹಂಚೋ ಕೆಲಸ, ಯಾವ ಹೊಲಿಗೆ ಯಾವ ಕಡೆ ಮಲಗ್ಬೇಕು ಅಂತ ಮೊದಲೇ ತೀರ್ಮಾನ ಮಾಡ್ಕೊಳ್ಳೋದು, ಅದೂ ಮೆಷಿನ್ ಮುಂದೆ ಕೂರೋಕ್ಕಿಂತ ಮುಂಚೆ.

ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಂಗಸರು ಹೊಲಿಯೋ ಕವಂದಿ ಅನ್ನೋ ಕೌದಿಯಲ್ಲಿ ಈ ತಲೆನೋವೇ ಇಲ್ಲ ನೋಡಿ. ಅವರು ತುಂಡುಗಳನ್ನ ಮುಖಕ್ಕೆ ಮುಖ ಇಟ್ಟು ಜೋಡಿಸೋದೇ ಇಲ್ಲ. ಹಿಂದಿನ ಬಟ್ಟೆ ಹಾಸ್ಕೊಂಡು, ಅಂಚಿಂದ ಶುರುಮಾಡಿ, ತುಂಡಿನ ಬದಿ ಒಳಗೆ ಮಡಚಿ, ಮೇಲಿಂದಾನೇ ಕೈಹೊಲಿಗೆ ಹಾಕ್ತಾ ಸುತ್ತಿ ಸುತ್ತಿ ಮಧ್ಯಕ್ಕೆ ಬರ್ತಾರೆ. ತುಂಡು ಕೂಡೋದೂ ಹಿಂದಿನ ಬಟ್ಟೆಗೆ ಅಂಟೋದೂ ಒಂದೇ ಹೊಲಿಗೆಯಲ್ಲಿ ಮುಗಿಯತ್ತೆ. ನಾಲ್ಕು ಮಾರ್ಜಿನ್ ಒಂದೇ ಚುಕ್ಕೇಲಿ ಬಂದು ಕೂರೋ ಪ್ರಸಂಗವೇ ಬರಲ್ಲ. ಹಳೇ ಸೀರೆ, ತುಂಬ ದಪ್ಪ ವ್ಯತ್ಯಾಸ ಇರೋ ಬಟ್ಟೆ, ಇಂಥದ್ದೇ ನಿಮ್ಮ ಹತ್ರ ಜಾಸ್ತಿ ಇದ್ರೆ ಮೆಷಿನ್ನಲ್ಲಿ ಚೌಕ ಜೋಡಿಸೋ ಬದ್ಲು ಆ ದಾರಿ ಹಿಡಿಯೋದೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಮೆಷಿನ್ನಲ್ಲೇ ಚೂಪು ಮೂಲೆ, ನಕ್ಷತ್ರ, ತ್ರಿಕೋನ ಎಲ್ಲಾ ಬೇಕು ಅಂದ್ರೆ ಮುಂದೆ ಓದಿ.

ಬಟ್ಟೆ, ದಾರ, ಸೂಜಿ

ಒಂದೇ ದಪ್ಪದ ಬಟ್ಟೆ ಆರಿಸಿ, ಅರ್ಧ ಸಮಸ್ಯೆ ಅಲ್ಲೇ ತೀರತ್ತೆ. ಕೇಂಬ್ರಿಕ್, ಪಾಪ್ಲಿನ್, ತೆಳು ಕಲಂಕಾರಿ ಕಾಟನ್ ಇವೆಲ್ಲ ಒಟ್ಟಿಗೆ ಚೆನ್ನಾಗಿ ಹೋಗತ್ತೆ. ಮಲ್ ತುಂಬ ತೆಳು, ಹಿಂದಿನ ಮಾರ್ಜಿನ್ ಎದ್ದು ಕಾಣತ್ತೆ. ಗುಳೇದಗುಡ್ಡದ ಖಣ ತುಂಬ ಜನಕ್ಕೆ ಆಸೆ, ನನಗೂ ಆಸೆ, ಆದ್ರೆ ಖಣದ ಬಟ್ಟೆ ಗಟ್ಟಿ, ಅದರ ಅಂಚು ಇನ್ನೂ ಗಟ್ಟಿ, ಸಾಲದ್ದಕ್ಕೆ ಕತ್ತರಿಸಿದ ಬದಿಯಿಂದ ಎಳೆ ಬಿಡತ್ತೆ, ಹಾಗಾಗಿ ಮಾರ್ಜಿನ್ ಸಣ್ಣ ಮಾಡೋಕೂ ಧೈರ್ಯ ಬರಲ್ಲ. ಅಂಥದ್ದನ್ನ ಎಂಟು ತ್ರಿಕೋನ ಸೇರೋ ನಕ್ಷತ್ರದಲ್ಲಿ ಹಾಕ್ಬೇಡಿ, ದೊಡ್ಡ ಚೌಕವಾಗಿ ಮಧ್ಯದಲ್ಲಿ ಕೂರಿಸಿ, ಸುತ್ತ ತೆಳು ಕಾಟನ್ ಬರ್ಲಿ, ಮಾರ್ಜಿನ್ ಯಾವಾಗ್ಲೂ ತೆಳು ಬಟ್ಟೆ ಕಡೆಗೆ ಮಡಚಿ. ಇಳಕಲ್ ಸೀರೆ ಅಂಚಿಗೂ ಇದೇ ಮಾತು.

ಮೊದಲು ಒಗೆದು ಒಣಗಿಸಿ, ನಮ್ಮ ಕಡೆ ಬಣ್ಣದ ಬಟ್ಟೆ ಕುಗ್ಗತ್ತೆ, ಬಣ್ಣಾನೂ ಬಿಡತ್ತೆ. ಆಮೇಲೆ ತೆಳುವಾಗಿ ಗಂಜಿ ಹಾಕಿ ಇಸ್ತ್ರಿ ಮಾಡ್ಕೊಂಡು ಕತ್ತರಿಸಿ. ಗಂಜಿ ಹಾಕಿದ ಬಟ್ಟೆ ಮಡಿಕೆ ಚೂಪಾಗಿ ಹಿಡ್ಕೊಳ್ಳತ್ತೆ, ಕ್ರಾಸ್‌ನಲ್ಲಿ, ಅಂದ್ರೆ ಎಳೆಗೆ ಓರೆಯಾಗಿ, ಕತ್ತರಿಸಿದ ಬದಿ ಎಳೆದಾಡಲ್ಲ. ಕ್ವಿಲ್ಟ್ ಮುಗಿದ್ಮೇಲೆ ಒಗೆದು ಗಂಜಿ ತೆಗೆದುಬಿಡಿ, ಇಲ್ಲಾಂದ್ರೆ ಕಪಾಟಲ್ಲಿಟ್ಟಾಗ ಹುಳ ಬರತ್ತೆ.

ದಾರದ ವಿಷಯ ಯಾರೂ ಗಮನಿಸಲ್ಲ. ಹೊಲಿಗೆ ಮಡಿಸಿದಾಗ ಬಟ್ಟೆ ದಾರದ ಮೇಲಿಂದ ಸುತ್ತಿ ಬರ್ಬೇಕು, ದಾರ ದಪ್ಪ ಇದ್ದಷ್ಟೂ ಆ ಏಣು ದಪ್ಪ. 40 ವೇಟ್‌ಗಿಂತ 50 ವೇಟ್ ಸಣ್ಣ, ನಂಬರ್ ಜಾಸ್ತಿ ಆದಷ್ಟೂ ದಾರ ತೆಳು. ಆರಿಫಿಲ್ ಅನ್ನೋ ಕಂಪನಿಯ 50 ವೇಟ್ ಎರಡೇ ಎಳೆಯದ್ದು, ಜೋಡಿಸೋಕೆ ಚೆನ್ನ, ಬೆಲೆ ಮಾತ್ರ ಕೇಳ್ಬೇಡಿ. ಅದಿಲ್ಲ ಅಂದ್ರೆ ಅಂಗಡೀಲಿ ಸಿಗೋದ್ರಲ್ಲೇ ತೆಳು ಕಾಟನ್ ದಾರ ಕೇಳಿ ತಗೊಳ್ಳಿ, ಗಟ್ಟಿ ಇರ್ಲಿ ಅಂತ ಜೀನ್ಸ್ ಹೊಲಿಯೋ ದಾರ ಹಾಕೋರಿದ್ದಾರೆ, ಅದು ಬೇಡವೇ ಬೇಡ. ಸೂಜಿ 11 ನಂಬರ್ ಸಾಕು, ಟೈಲರ್ ಅಂಗಡಿಯವ್ರು 14 ಕೊಟ್ರೆ ಬದಲಾಯಿಸ್ಕೊಳ್ಳಿ.

ಕಾಲಿಂಚು ಹೊಲಿಗೆ, ಅದಕ್ಕಿಂತ ಒಂದು ಎಳೆ ಕಮ್ಮಿ

ಬ್ಲೌಸ್ ಹೊಲಿದು ಅಭ್ಯಾಸ ಇರೋರಿಗೆ ಮಾರ್ಜಿನ್ ಜಾಸ್ತಿ ಬಿಡೋದು ಕೈಗೆ ಬಂದುಬಿಟ್ಟಿರತ್ತೆ, ಆಮೇಲೆ ಬಿಚ್ಚಿ ದೊಡ್ಡದು ಮಾಡೋಕೆ ಬೇಕಲ್ಲ. ಕ್ವಿಲ್ಟಲ್ಲಿ ಯಾರೂ ಬಿಚ್ಚಲ್ಲ. ಕಾಲಿಂಚು ಅಂದ್ರೆ 6.35 ಮಿಲಿಮೀಟರ್, ಅದೂ ಮಡಿಕೆ ಸುತ್ತೋಕೆ ಒಂದು ಎಳೆಯಷ್ಟು ಬಟ್ಟೆ ತಿನ್ನತ್ತೆ ಅಂತ ಕಾಲಿಂಚಿಗಿಂತ ಕೂದಲೆಳೆ ಒಳಗೆ ಹೊಲಿಯೋದು ವಾಡಿಕೆ. ಮೆಷಿನ್ ಜೊತೆ ಬರೋ, ಬಟ್ಟೆ ಒತ್ತಿ ಹಿಡಿಯೋ ಮಾಮೂಲಿ ಫುಟ್ಟಿನ ಅಂಚನ್ನ ನಂಬಬೇಡಿ, ಸೂಜಿಯಿಂದ ಅಂಚಿಗೆ ಕಾಲಿಂಚಿಗಿಂತ ಜಾಸ್ತಿ ಇರತ್ತೆ ತುಂಬ ಮೆಷಿನ್ನಲ್ಲಿ. ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ, ಪಕ್ಕಪಕ್ಕ ಹೊಲಿದು, ಇಸ್ತ್ರಿ ಒತ್ತಿ ಅಳೀರಿ. ಮಧ್ಯದ ಪಟ್ಟಿ ಸರಿಯಾಗಿ 1 ಇಂಚು, ಒಟ್ಟು ಅಗಲ ಮೂರೂವರೆ ಇಂಚು ಬರ್ಬೇಕು. ಮಧ್ಯದ್ದು ಕಮ್ಮಿ ಬಂತು ಅಂದ್ರೆ ಮಾರ್ಜಿನ್ ಜಾಸ್ತಿ ತಗೋತಿದೀರಿ. ಸರಿ ಬಂದ ಜಾಗಕ್ಕೆ ಮೆಷಿನ್ ಮೇಲೆ ದಪ್ಪ ಟೇಪ್ ಅಂಟಿಸಿಬಿಡಿ.

ಟಾಕಾ ಉದ್ದ 2 ಮಿಲಿಮೀಟರ್ ಇಡಿ, ಇಂಚಿಗೆ ಸುಮಾರು 12-13 ಟಾಕಾ. ಬಿಡಿಸಿ ಮಲಗಿಸೋ ಹೊಲಿಗೆ ಆದ್ರೆ ಇನ್ನೂ ಸ್ವಲ್ಪ ಸಣ್ಣ, 1.8 ಹತ್ರ. ಶುರುವಲ್ಲಿ ಕೊನೇಲಿ ಹಿಂದೆ ಮುಂದೆ ಹೊಲಿದು ಗಂಟು ಹಾಕೋ ಅಭ್ಯಾಸ ಬಿಡಿ, ಅಡ್ಡ ಬರೋ ಹೊಲಿಗೆ ಅದನ್ನ ಹಿಡಿದೇ ಹಿಡಿಯತ್ತೆ, ಸುಮ್ನೆ ದಾರದ ಗುಡ್ಡೆ ಆಗತ್ತೆ, ಆಮೇಲೆ ತಿರುಗಿಸೋ ವಿಧಾನಕ್ಕೂ ಅದು ಅಡ್ಡಿ.

ಬಾಣದ ಗುರುತು

ಇಲ್ಲೇ ನಿಜವಾದ ಕೆಲಸ ಇರೋದು. ಬ್ಲಾಕಿನ, ಅಂದ್ರೆ ತುಂಡುಗಳು ಸೇರಿ ಆಗೋ ಒಂದು ವಿನ್ಯಾಸದ, ಚಿತ್ರ ಒಂದು ಹಾಳೇಲಿ ಬರ್ಕೊಳ್ಳಿ, ಪ್ರತಿ ಹೊಲಿಗೆ ಮೇಲೂ ಮಾರ್ಜಿನ್ ಹೋಗೋ ದಿಕ್ಕಿಗೆ ಬಾಣ ಹಾಕಿ. ನಿಯಮ ಒಂದೇ: ಎರಡು ಹೊಲಿಗೆ ಎದುರಾಗೋ ಕಡೆ ಬಾಣಗಳು ವಿರುದ್ಧ ಇರ್ಬೇಕು. ಒಂಬತ್ತು ಚೌಕದ ಬ್ಲಾಕ್ ಅಂದ್ರೆ ಮೇಲಿನ ಸಾಲು, ಕೆಳಗಿನ ಸಾಲು ಎರಡರಲ್ಲೂ ಮಾರ್ಜಿನ್ ಹೊರಗಡೆಗೆ, ನಡುವಿನ ಸಾಲಲ್ಲಿ ಒಳಗಡೆಗೆ. ಹೀಗೆ ಮಾಡಿದ್ರೆ ಸಾಲು ಸಾಲಿಗೆ ಸೇರಿಸುವಾಗ ಎರಡು ಮಾರ್ಜಿನ್ ಏಣು ಒಂದಕ್ಕೊಂದು ತಾಕಿ ಕಚ್ಕೊಳ್ಳತ್ತೆ, ಕಣ್ಣು ಮುಚ್ಚಿ ಬೆರಳಲ್ಲಿ ಉಜ್ಜಿದ್ರೂ ಕೂತಿದ್ದು ಗೊತ್ತಾಗತ್ತೆ, ಪಿನ್ನೂ ಬೇಕಾಗಲ್ಲ. ಹೊಲಿಯುವಾಗ ಮೇಲಿನ ಮಾರ್ಜಿನ್ ಸೂಜಿ ಕಡೆಗೆ ಮುಖ ಮಾಡಿದ್ರೆ ಇನ್ನೂ ಒಳ್ಳೇದು, ಫುಟ್ ಅದನ್ನ ತಳ್ತಾ ಕೆಳಗಿನದಕ್ಕೆ ಬಿಗಿಯಾಗಿ ಒತ್ತತ್ತೆ.

ಬ್ಲಾಕಿಗೆ ಬ್ಲಾಕ್ ಸೇರುವಾಗಲೂ ಇದೇ ತಾಪತ್ರಯ ಬರತ್ತೆ, ಎಲ್ಲಾ ಬ್ಲಾಕೂ ಒಂದೇ ಥರ ಒತ್ತಿಟ್ರೆ ಪಕ್ಕಪಕ್ಕ ಇಟ್ಟಾಗ ಎಲ್ಲಾ ಕಡೆ ಏಣು ಏಣಿನ ಮೇಲೆ ಕೂರತ್ತೆ. ಅರ್ಧ ಬ್ಲಾಕುಗಳನ್ನ ತದ್ವಿರುದ್ಧ ಬಾಣದಲ್ಲಿ ಮಾಡಿ, ಇಲ್ಲಾ ಒಂದು ಬಿಟ್ಟು ಒಂದನ್ನ ಕಾಲು ಸುತ್ತು ತಿರುಗಿಸಿ ನೋಡಿ. ಎರಡೂ ಆಗ್ಲಿಲ್ಲ ಅಂದ್ರೆ ನಡುವೆ ಪಟ್ಟಿ ಹಾಕಿ, ಮಾರ್ಜಿನ್ ಎಲ್ಲಾ ಪಟ್ಟಿ ಕಡೆಗೆ ಕಳಿಸಿ, ಆಯ್ತು. ಸುಲಭದ ದಾರಿ ಇದು. ಬಾರ್ಡರ್ ಹೊಲಿಗೇನೂ ಹಾಗೇ, ಯಾವಾಗ್ಲೂ ಬಾರ್ಡರ್ ಕಡೆಗೆ.

ಮಾರ್ಜಿನ್ ಗಾಢ ಬಣ್ಣದ ಕಡೆಗೇ ಮಡಚಬೇಕು ಅಂತ ಎಲ್ಲಾರೂ ಹೇಳ್ತಾರಲ್ಲ, ಅದು ನೆರಳು ಕಾಣದೇ ಇರ್ಲಿ ಅಂತ. ಬಾಣದ ಲೆಕ್ಕ ಒಂದು ಹೇಳಿ ಬಣ್ಣ ಇನ್ನೊಂದು ಹೇಳಿದ್ರೆ ನಾನಂತೂ ಬಾಣದ ಮಾತೇ ಕೇಳೋದು. ತಿಳಿ ಬಣ್ಣದ ಕಡೆ ಹೋಗ್ಲೇಬೇಕು ಅಂದ್ರೆ ಗಾಢ ಬಟ್ಟೆಯ ಮಾರ್ಜಿನ್ನನ್ನ ತಿಳಿ ಬಟ್ಟೆಯದ್ದಕ್ಕಿಂತ ಒಂದೆರಡು ಎಳೆ ಚಿಕ್ಕದಾಗಿ ಕತ್ತರಿಸಿ, ಹಿಂದಿಂದ ಇಣುಕಲ್ಲ.

ಬಿಡಿಸೋದಾ, ಒಂದು ಕಡೆ ಮಡಚೋದಾ

ಲೆಕ್ಕದ ಪ್ರಕಾರ ಎಲ್ಲಾ ಬಿಡಿಸಿ ಮಲಗಿಸಿದ್ರೆ 4 ಪದರ, ಹಾಗಾದ್ರೆ ಯಾವಾಗ್ಲೂ ಅದನ್ನೇ ಮಾಡ್ಬಹುದಲ್ಲ ಅಂದ್ರೆ, ತೊಂದರೆ ಎರಡಿದೆ. ಒಂದು, ಏಣು ಕಚ್ಕೊಳ್ಳೋದು ತಪ್ಪತ್ತೆ, ಪ್ರತಿ ಕೂಡುಚುಕ್ಕೆಗೂ ಪಿನ್ ಹಾಕಿ ಸರಿಮಾಡ್ಬೇಕು. ಎರಡು, ಹೊಲಿಗೆಯ ಗೆರೆಯಲ್ಲಿ ಬಟ್ಟೆಯ ಆಸರೆ ಇರಲ್ಲ, ಬರೀ ದಾರ. ಆ ಗೆರೆ ಒಳಗೇ ಕ್ವಿಲ್ಟಿಂಗ್ ಹೊಲಿಗೆ ಓಡಿಸಿದ್ರೆ ಸೂಜಿ ಹೋಗೋದು ದಾರದ ಮೇಲೇ, ಕತ್ತರಿಸಿದ್ರೂ ಕತ್ತರಿಸ್ತು. ಬಿಡಿಸಿದ ಹೊಲಿಗೆ ಇರೋ ಕ್ವಿಲ್ಟಿಗೆ ಗೆರೆಯಿಂದ ಆಚೆ, ಇಲ್ಲಾ ಗೆರೆ ದಾಟೋ ಹಾಗೆ ಅಡ್ಡಡ್ಡ ಹೊಲಿಗೆ ಹಾಕಿ.

ನನ್ನ ರೂಢಿ ಹೀಗೆ: ಬರೀ ಚೌಕ, ಪಟ್ಟಿ ಇರೋ ಬ್ಲಾಕಿಗೆ ಒಂದು ಕಡೆ ಮಡಚೋದು. ಆರಕ್ಕಿಂತ ಜಾಸ್ತಿ ತುಂಡಿನ ಚೂಪು ಒಂದೇ ಚುಕ್ಕೇಲಿ ಸೇರೋದಾದ್ರೆ ಆ ಕೊನೇ ಹೊಲಿಗೆ ಮಾತ್ರ ಬಿಡಿಸೋದು. ಒಂದೇ ಕ್ವಿಲ್ಟಲ್ಲಿ ಎರಡೂ ಇರಬಾರದು ಅಂತ ಯಾವ ಕಾನೂನೂ ಇಲ್ಲ.

ತಿರುಗಿಸೋ ವಿಧಾನ

ನಾಲ್ಕು ಚೌಕ, ಗಾಳಿಪಂಕ, ಎಂಟು ಮೂಲೆ ನಕ್ಷತ್ರ ಇವಕ್ಕೆಲ್ಲ ಇದೇ ನನಗಿಷ್ಟ. ಬಿಡಿಸೋದರ ಲಾಭಾನೂ ಸಿಗತ್ತೆ, ಏಣು ಕಚ್ಕೊಳ್ಳೋದೂ ಉಳಿಯತ್ತೆ. ನಾಲ್ಕು ಚೌಕದಲ್ಲಿ ಮೊದಲು ಕಲೀರಿ.

ಎರಡು ಜೋಡಿಯ ಮಾರ್ಜಿನ್ ವಿರುದ್ಧ ದಿಕ್ಕಿಗೆ ಮಡಚಿ, ಕಚ್ಚಿಸಿ, ಅಡ್ಡ ಹೊಲಿಗೆ ಹಾಕಿ. ಈಗ ಇಸ್ತ್ರಿ ಹತ್ರ ಹೋಗ್ಬೇಡಿ. ಹಿಂಭಾಗ ಮೇಲೆ ಮಾಡಿ ಅಡ್ಡ ಹೊಲಿಗೆಯ ಮಾರ್ಜಿನ್ ಎತ್ತಿ ಹಿಡೀರಿ. ಆ ಕಾಲಿಂಚಿನ ಒಳಗೆ, ಅಡ್ಡ ಹೊಲಿಗೆ ಗೆರೆಗಿಂತ ಮೇಲೆ, ಮೊದಲು ಹಾಕಿದ್ದ ನಿಂತ ಹೊಲಿಗೆಯ ಎರಡು ಮೂರು ಟಾಕಾ ಕಾಣತ್ತೆ. ಅಷ್ಟನ್ನ ಮಾತ್ರ ರಿಪ್ಪರ್‌ನಿಂದ ಬಿಚ್ಚಿ, ತಿರುಗಿಸಿ ಇನ್ನೊಂದು ಬದಿಯಲ್ಲೂ ಬಿಚ್ಚಿ. ಅಡ್ಡ ಹೊಲಿಗೆ ಮುಟ್ಟೋ ಹಾಗೇ ಇಲ್ಲ. ಆಮೇಲೆ ಎರಡು ಹೆಬ್ಬೆರಳನ್ನ ಕೂಡುಚುಕ್ಕೆಯ ಅಕ್ಕಪಕ್ಕ ಇಟ್ಟು, ಎಡಗಡೆ ಮಾರ್ಜಿನ್ ಮೇಲಕ್ಕೆ, ಬಲಗಡೆದು ಕೆಳಕ್ಕೆ ತಳ್ಳಿ. ಹಾಗೆ ಬರ್ಲಿಲ್ಲ ಅಂದ್ರೆ ಉಲ್ಟಾ ತಳ್ಳಿ, ಬಟ್ಟೆಗೆ ಎತ್ತ ತಿರುಗ್ಬೇಕು ಅನ್ನೋದು ಗೊತ್ತಿರತ್ತೆ, ಒಂದು ಕಡೆ ಸಲೀಸಾಗಿ ಮಲಗತ್ತೆ. ಸರಿ ಆಯ್ತು ಅಂದ್ರೆ ಮಧ್ಯದಲ್ಲಿ ಬೆರಳುಗುರಿನಷ್ಟು ಪುಟ್ಟ ನಾಲ್ಕು ಚೌಕ ಅರಳಿ ನಿಲ್ಲತ್ತೆ, ನಾಲ್ಕು ಮಾರ್ಜಿನ್ನೂ ಒಂದೇ ದಿಕ್ಕಿಗೆ ಸುತ್ತಿರತ್ತೆ. ಈಗ ಇಸ್ತ್ರಿ ಒತ್ತಿ.

ಎಲ್ಲಾ ಬ್ಲಾಕಲ್ಲೂ ಒಂದೇ ಸುತ್ತಿಗೆ ತಿರುಗ್ಬೇಕು ಅಂದ್ರೆ ಮೆಷಿನ್ನಿಗೆ ಕೊಡುವಾಗ ಪ್ರತಿ ಜೋಡೀನೂ ಒಂದೇ ರೀತಿ ಹಿಡ್ಕೊಂಡು ಕೊಡಿ, ಆಗ ಪಕ್ಕದ ಬ್ಲಾಕಿಗೆ ಸೇರಿಸುವಾಗಲೂ ಏಣು ತಾನಾಗೇ ಕಚ್ಕೊಳ್ಳತ್ತೆ.

ತ್ರಿಕೋನದ ತರಲೆ

ಚೌಕದಿಂದ ಮಾಡೋ ಅರ್ಧ ತ್ರಿಕೋನದ ಬ್ಲಾಕುಗಳಲ್ಲಿ ಹೊಲಿದು ಬಿಡಿಸಿದ್ಮೇಲೆ ಎರಡು ಮೂಲೇಲೂ ಸಣ್ಣ ಕಿವಿ ಚಾಚ್ಕೊಂಡಿರತ್ತೆ. ಅದನ್ನ ಆಗಾಗ್ಲೇ ಕತ್ತರಿಸಿ ಬಿಸಾಕಿ, ಆಮೇಲೆ ಮಾಡೋಣ ಅಂದ್ರೆ ಅಡ್ಡ ಹೊಲಿಗೆ ಒಳಗೆ ಸಿಕ್ಕಿ ಹಾಕ್ಕೊಳ್ಳತ್ತೆ, ಕೂಡುಚುಕ್ಕೆಗೆ ಸುಮ್ಮನೆ ಒಂದೆರಡು ಪದರ ಜಾಸ್ತಿ. ಸ್ವಲ್ಪ ದೊಡ್ಡದಾಗಿ ಹೊಲಿದು, ಒತ್ತಿ, ಆಮೇಲೆ ರೋಟರಿ ಕಟರಲ್ಲಿ ಅಳತೆಗೆ ಕತ್ತರಿಸಿದ್ರೆ ಕಿವಿ ಜೊತೆಗೇ ಹೋಗತ್ತೆ, ಮೂಲೇನೂ ಚೂಪಾಗತ್ತೆ.

ಗಾಳಿಪಂಕದ ಮಧ್ಯದಲ್ಲಿ ಎಂಟು ತುಂಡು ಸೇರತ್ತೆ. ಅಲ್ಲಿ ಓರೆ ಹೊಲಿಗೆಯ ಮಾರ್ಜಿನ್ ಎಲ್ಲಾ ಒಂದೇ ಸುತ್ತಿಗೆ ಮಡಚಿಟ್ಟು, ಕೊನೇ ಹೊಲಿಗೆ ಆದ್ಮೇಲೆ ಮೇಲಿನ ಹಾಗೇ ತಿರುಗಿಸಿ. ಆದ್ರೂ ದಪ್ಪ ಅನ್ನಿಸಿದ್ರೆ ಒಳಗೆ ಕೂತ ಮಾರ್ಜಿನ್ ಚೂಪುಗಳನ್ನ ಸಣ್ಣ ಕತ್ತರಿಯಿಂದ ಅರ್ಧಕ್ಕೆ, ಅಂದ್ರೆ ಇಂಚಿನ ಎಂಟನೇ ಒಂದು ಭಾಗಕ್ಕೆ ತನ್ನಿ. ಎಲ್ಲಾ ಒಂದೇ ಉದ್ದ ಬೇಡ, ಒಂದು ಉದ್ದ ಒಂದು ಗಿಡ್ಡ ಇದ್ರೆ ಮೆಟ್ಟಿಲಾಗಿ ಇಳಿಯತ್ತೆ, ಮೇಲಿಂದ ಗೆರೆ ಕಾಣಲ್ಲ. ಎಂಟನೇ ಒಂದಕ್ಕಿಂತ ಕಮ್ಮಿ ಮಾಡ್ಬೇಡಿ, ಎಳೆ ಬಿಟ್ಟು ಹೊಲಿಗೆ ಕಿತ್ತು ಬರತ್ತೆ. ಪೇಪರಿನ ಚಿತ್ರದ ಮೇಲೆ ಬಟ್ಟೆ ಇಟ್ಟು ಹೊಲಿಯೋರು ಪ್ರತಿ ಹೊಲಿಗೆ ಆದ್ಮೇಲೂ ಮಡಚೋಕ್ಕೆ ಮುಂಚೆ ಕಾಲಿಂಚಿಗೆ ಕತ್ತರಿಸಿಕೊಳ್ಳಿ, ಪೇಪರ್ ಕೆಲಸದಲ್ಲಿ ತುಂಡು ದೊಡ್ಡದಾಗೇ ಇಟ್ಟಿರ್ತೀವಿ, ಮರೆತ್ರೆ ಒಳಗೆಲ್ಲ ಬಟ್ಟೆಯ ಚಿಂದಿ ತುಂಬ್ಕೊಳ್ಳತ್ತೆ.

ಇಸ್ತ್ರಿ ಒತ್ತೋ ಕ್ರಮ

ಚಪಾತಿ ಲಟ್ಟಿಸೋ ಹಾಗೆ ಹಿಂದೆ ಮುಂದೆ ಉಜ್ಜಬಾರದು. ಇಟ್ಟು, ಒತ್ತಿ, ಎತ್ತಿ ಮುಂದೆ ಇಡ್ಬೇಕು. ಮೊದಲು ಹೊಲಿದ ತುಂಡುಗಳನ್ನ ತೆರೆಯದೆ ಹಾಗೇ ಇಟ್ಟು ಒಂದ್ಸಲ ಒತ್ತಿ, ದಾರ ಬಟ್ಟೆ ಒಳಗೆ ಇಳಿಯತ್ತೆ. ಆರಿದ್ಮೇಲೆ ಮುಖಭಾಗದಿಂದ ಮೇಲಿನ ತುಂಡು ತೆರೆದು, ಬೆರಳಲ್ಲಿ ಮಡಿಕೆ ಮಾಡಿ, ಇಸ್ತ್ರಿಯ ಬದಿಯಿಂದ ಹೊಲಿಗೆಗೆ ಒತ್ತಿ. ಹಿಂಭಾಗದಿಂದಷ್ಟೇ ಒತ್ತಿದ್ರೆ ಮುಂಭಾಗದಲ್ಲಿ ಸಣ್ಣ ನೆರಿಗೆ ಉಳಿದು ಅಳತೆ ಕಮ್ಮಿ ಬರತ್ತೆ. ಚೌಕಕ್ಕೆ ಹಬೆ ಕೊಟ್ರೆ ಪರವಾಗಿಲ್ಲ, ತ್ರಿಕೋನದ ಕ್ರಾಸ್ ಬದಿಗೆ ಹಬೆ ಬಿದ್ರೆ ಎಳೆದು ಸೊಟ್ಟ ಆಗತ್ತೆ.

ದಪ್ಪ ಕೂಡುಚುಕ್ಕೆಗೆ ಹಬೆ ಕೊಟ್ಟ ತಕ್ಷಣ ಒಂದು ಮರದ ಹಲಗೆ ಮೇಲಿಟ್ಟು ಆರೋವರೆಗೆ ಒತ್ತಿ ಹಿಡೀರಿ, ಮರ ಹಬೆ ಹೀರ್ಕೊಳ್ಳತ್ತೆ, ಮಡಿಕೆ ಅಲ್ಲೇ ಕೂರತ್ತೆ. ಇದಕ್ಕಂತಲೇ ಕ್ಲ್ಯಾಪರ್ ಅಂತ ಮಾರ್ತಾರೆ, ಬಡಗಿ ಹತ್ರ ಪಾಲಿಶ್ ಹಾಕದ ಸಾಗವಾನಿ ತುಂಡು ಕೇಳಿ ನುಣ್ಣಗೆ ಉಜ್ಜಿಸ್ಕೊಂಡ್ರೂ ಅದೇ ಕೆಲಸ.

ಜೀನ್ಸ್ ಕ್ವಿಲ್ಟ್ ಮಾಡೋರಿಗೆ

ಹಳೇ ಪ್ಯಾಂಟಿನ ಬದಿ ಹೊಲಿಗೆಗಳನ್ನ ಮೊದಲೇ ಕತ್ತರಿಸಿ ಎಸೆಯಿರಿ, ಅವು ತುಂಡಿನ ಒಳಗೆ ಬರ್ಬಾರದು. ಅರ್ಧ ಇಂಚು ಮಾರ್ಜಿನ್, ಎಲ್ಲಾ ಬಿಡಿಸಿ ಮಲಗಿಸೋದು, 16 ನಂಬರ್ ಸೂಜಿ. ಕೂಡುಚುಕ್ಕೆ ಮೇಲೆ ಬಟ್ಟೆ ಹಾಕಿ ಸುತ್ತಿಗೇಲಿ ಎರಡೇಟು ಕೊಡಿ, ಮೆಷಿನ್ ಹತ್ತತ್ತೆ. ಫುಟ್ ಹಿಂದಕ್ಕೆ ವಾಲಿ ನಿಂತ್ರೆ ಅದರ ಹಿಂದೆ ಮಡಚಿದ ರಟ್ಟು ಇಟ್ಟು ಮಟ್ಟ ಮಾಡಿ, ಕೈಯಿಂದ ಚಕ್ರ ತಿರುಗಿಸಿ ದಾಟಿಸಿ. ಅದೂ ಬೇಡ ಅಂದ್ರೆ ಮಾರ್ಜಿನ್ನನ್ನ ಮುಖದ ಕಡೆಗೇ ಬಿಟ್ಟು, ಕತ್ತರಿಯಿಂದ ಕುಚ್ಚಿನ ಹಾಗೆ ಸೀಳಿ ಒಗೆಯೋ ವಿಧಾನ ಇದೆ, ಅಲ್ಲಿ ದಪ್ಪವೇ ಚೆಂದ.

ಹಿಂಬದಿ ಬಟ್ಟೆ, ಬೈಂಡಿಂಗ್

ಹಿಂಬದಿ ಬಟ್ಟೆ ಎರಡು ಪನ್ನ ಜೋಡಿಸೋದಾದ್ರೆ ಮಿಲ್ಲಿನ ಗಟ್ಟಿ ಅಂಚು ಕತ್ತರಿಸಿ ತೆಗೆದು, ಅರ್ಧ ಇಂಚು ಮಾರ್ಜಿನ್ ಇಟ್ಟು ಹೊಲಿದು ಬಿಡಿಸಿ ಒತ್ತಿ. ಹಾಗೇ ಬಿಟ್ರೆ ಒಗೆದಾಗ ಅಂಚು ಬೇರೆ ಥರ ಕುಗ್ಗಿ ಉದ್ದಕ್ಕೂ ಸುಕ್ಕು. ಆ ಹೊಲಿಗೆ ಮುಂಭಾಗದ ಸಾಲಿನ ಹೊಲಿಗೆಗೆ ನೇರ ಕೆಳಗೆ ಬರದ ಹಾಗೆ ಸ್ವಲ್ಪ ಸರಿಸಿ ಹಾಸಿ. ಕೈಯಲ್ಲಿ ಕ್ವಿಲ್ಟ್ ಮಾಡೋರು ಹೊಲಿಗೆ ಗೆರೆಯಿಂದ ಕಾಲಿಂಚಿಗಿಂತ ತುಸು ಆಚೆ ಹೊಲಿದ್ರೆ ಮಾರ್ಜಿನ್ ಪದರ ಸೂಜಿಗೆ ಸಿಗೋದೇ ಇಲ್ಲ.

ಬೈಂಡಿಂಗ್, ಅಂದ್ರೆ ಕ್ವಿಲ್ಟಿನ ಅಂಚು ಮುಚ್ಚೋ ಪಟ್ಟಿ, ಎರಡೂಕಾಲು ಇಲ್ಲಾ ಎರಡೂವರೆ ಇಂಚು ಅಗಲ, ಉದ್ದಕ್ಕೆ ಅರ್ಧ ಮಡಚಿ ಹಾಕೋದು. ಪಟ್ಟಿಗೆ ಪಟ್ಟಿ ಸೇರಿಸುವಾಗ ನೇರ ಹೊಲೀಬೇಡಿ, 45 ಡಿಗ್ರಿ ಓರೆಯಲ್ಲಿ ಹೊಲಿದು, ಕಾಲಿಂಚಿಗೆ ಕತ್ತರಿಸಿ, ಬಿಡಿಸಿ ಒತ್ತಿ. ನೇರ ಹೊಲಿದ್ರೆ ಮಡಚಿದಾಗ ಮಾರ್ಜಿನ್ ಎಲ್ಲಾ ಒಂದೇ ಜಾಗಕ್ಕೆ ಬೀಳತ್ತೆ, ಓರೆ ಆದ್ರೆ ಉದ್ದಕ್ಕೆ ಹರಡತ್ತೆ. ಹೊಲಿಯೋಕೆ ಮುಂಚೆ ಪಟ್ಟೀನ ಕ್ವಿಲ್ಟಿನ ಸುತ್ತ ಒಂದ್ಸಲ ಸುಮ್ನೆ ಹಾಸಿ ನೋಡಿ. ಪಟ್ಟಿಯ ಜೋಡಣೆ ಮೂಲೆಗೆ ಬಂತು, ಇಲ್ಲಾ ಬ್ಲಾಕಿನ ಹೊಲಿಗೆ ಮೇಲೇ ಕೂತಿತು ಅಂದ್ರೆ ಶುರು ಮಾಡೋ ಜಾಗವನ್ನ ಒಂದು ಗೇಣು ಆಚೆಗೆ ಸರಿಸಿ ಮತ್ತೆ ಹಾಸಿ ನೋಡಿ, ಎಲ್ಲೂ ತಾಕದ ಜಾಗ ಸಿಕ್ಕಿದ್ಮೇಲೆ ಹೊಲೀರಿ.